ಸಮಸ್ಯಾಪೂರಣ: ಹುಲಿಯು ಹುಲ್ಲನೆ ತಿಂದು ಬದುಕುತಿದೆ ನೋಡು

ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲ ಅನ್ನುವುದು ಗಾದೆ. ಆದರೂ ಮೇಲೆ ಕೊಟ್ಟ ಸಾಲೇ ಪದ್ಯದ ಕೊನೆಯ ಸಾಲಾಗಿ, ಮೊದಲ ಮೂರು ಸಾಲು ನೀವು ಕಟ್ಟಿ, ಅದು ನಿಜವಾಗಬೇಕು. ಐದೈದು ಮಾತ್ರೆಯ ಗಣಗಳ ಚೌಪದಿ (ನಾಲ್ಕು ಸಾಲಿನ ಪದ್ಯ), ಆದಿಪ್ರಾಸ ‘ಲ’, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಲಕಾರ. ಕನಸು, ಶಾಪ ಅಂತ ಸುಮ್ನೆ ದಾಟಿಸಬೇಡಿ. ಉತ್ತರ ಆಹಾರ ಸರಪಳಿಯಲ್ಲೇ, ಅಂದರೆ ಯಾರು ಯಾರನ್ನು ತಿಂದು ಬದುಕುತ್ತಾರೆ ಅನ್ನುವ ಸಾಲಿನಲ್ಲೇ ಇದೆ.

ಪೂರಣ 1

ಎಲೆಯು ಬಿಸಿಲನು ಹೀರಿ ಸಕ್ಕರೆಯ ಮಾಡಿಡಲು
ಮೊಲವು ಜಿಂಕೆಯು ಮೇಯ್ದು ಮೈದುಂಬಿಕೊಳಲು
ಬಲಿಯ ಮೈಮಾಂಸದಲಿ ಹುಲ್ಲಿನದೆ ಸತ್ವವಿದೆ
ಹುಲಿಯು ಹುಲ್ಲನೆ ತಿಂದು ಬದುಕುತಿದೆ ನೋಡು

— ಎತ್ತುಗಡೆ ಚೆನ್ನಾಗಿದೆ. ಆದರೆ ಹುಲ್ಲಿನ ಸತ್ವವೆಲ್ಲ ಹುಲಿಗೇ ಸಿಕ್ಕಿತು ಅನ್ನುವ ಹಾಗೆ ಕೇಳಿಸುತ್ತದೆ, ಅಲ್ವಾ? ಜಿಂಕೆಯ ಹಿಕ್ಕೆ ಒಡೆದು ನೋಡಿ, ಅರಗದ ನಾರು ಒಳಗೆ ಹಾಗೇ ಇರುತ್ತದೆ. ಅದು ಜಿಂಕೆಯ ಮೈಗೇ ಸೇರಿಲ್ಲ, ಇನ್ನು ಹುಲಿಗೆಲ್ಲಿ? ಅರಗಿದ್ದರಲ್ಲೂ ಜಾಸ್ತಿ ಪಾಲು ಉಸಿರಾಟಕ್ಕೆ, ಓಟಕ್ಕೆ, ಮೈ ಬೆಚ್ಚಗಿಡುವುದಕ್ಕೆ ಖರ್ಚಾಗುತ್ತದೆ. ಆ ಸೋರಿಕೆ ಪದ್ಯದಲ್ಲಿ ಬರಬೇಕು.

ಪೂರಣ 2

ಸಲುವುದೊಂದೇ ಪಾಲು ಹತ್ತರಲಿ ಮೇಲಕ್ಕೆ
ಚಲನೆ ಬಿಸಿ ಉಸಿರಾಟ ನುಂಗಿ ಮಿಕ್ಕುದನು
ನೆಲವ ತುಂಬಿದ ಹಸಿರು ರಾಶಿಯೇ ಬೇಕದಕೆ
ಹುಲಿಯು ಹುಲ್ಲನೆ ತಿಂದು ಬದುಕುತಿದೆ ನೋಡು

— ಆಹಾ! ಹತ್ತರಲ್ಲಿ ಒಂದು ಪಾಲಿನ ಲೆಕ್ಕ ಛಂದಸ್ಸಿನಲ್ಲಿ ಎಷ್ಟು ಸಲೀಸಾಗಿ ಕೂತಿದೆ! ಅಮೆರಿಕದ ಒಂದು ಪುಟ್ಟ ಕೆರೆಯನ್ನು ಅಳೆದು ಈ ಲೆಕ್ಕಕ್ಕೆ ದಾರಿ ಹಾಕಿಕೊಟ್ಟದ್ದು ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್, ಅವರ ಪ್ರಬಂಧ ಬಂದದ್ದು 1942ರಲ್ಲಿ. ಶೇಕಡ 10 ಬರೀ ಅಂದಾಜು, ಜೀವಿ ಮತ್ತು ಜಾಗ ನೋಡಿ ಹೆಚ್ಚುಕಮ್ಮಿ ಆಗುತ್ತದೆ. ಆ ಅಂದಾಜಿನಲ್ಲಿ ಹುಲ್ಲಿನ 10,000 ಕಿಲೋಕ್ಯಾಲರಿ ಜಿಂಕೆಗಳ ಮೈಯಲ್ಲಿ 1,000 ಆಗಿ, ಹುಲಿಯಲ್ಲಿ 100 ಉಳಿಯುತ್ತದೆ. ಜಿಂಕೆ ಹಿಂಡುಗಟ್ಟಲೆ ಇದ್ದರೂ ಹುಲಿ ಒಂದೋ ಎರಡೋ ಇರುವುದು ಇದಕ್ಕೇ.

— ಹುಲಿ ಸತ್ತು ಮಣ್ಣಾಗಿ ಮತ್ತೆ ಹುಲ್ಲಾಗುತ್ತದಲ್ಲ, ಶಕ್ತಿಯೂ ಹಾಗೇ ಸುತ್ತು ಬರುತ್ತದೆ ಅಂತ ಬರೆಯಬಹುದಾ?

— ಬೇಡ. ಸಾರಜನಕ, ರಂಜಕ ಸುತ್ತು ಬರುತ್ತವೆ. ಶಕ್ತಿಯದು ಒಂದೇ ದಿಕ್ಕಿನ ದಾರಿ. ನನ್ನದು ಹೀಗೆ:

ಪೂರಣ 3

ಮಲೆಯ ಮಣ್ಣಿಗೆ ಮರಳಿ ಸೇರುವುದು ಸತ್ತೊಡಲು
ಒಲೆಯ ಬಿಸಿಯೊಲು ಶಕ್ತಿ ಚೆದುರಿ ಹೋಗುವುದು
ನೆಲಕೆ ದಿನವೂ ಹೊಸತು ಬಿಸಿಲು ಸುರಿವುದರಿಂದ
ಹುಲಿಯು ಹುಲ್ಲನೆ ತಿಂದು ಬದುಕುತಿದೆ ನೋಡು

— ನನ್ನ ಮತ ಮೂರನೆಯದಕ್ಕೆ. ಉಳಿದೆರಡೂ ಹುಲ್ಲಿನಿಂದ ಹುಲಿಯ ತನಕ ಬಂದು ನಿಂತವು. ಇದು ಬಿಸಿಲು ದಿನಾ ಯಾಕೆ ಬೇಕು ಅನ್ನುವುದನ್ನೂ ಹೇಳಿತು.

ಮುಂದಿನ ಸಮಸ್ಯೆ, ಛಂದಸ್ಸು ಅದೇ: ‘ಕೊಂದು ತಿನ್ನುವ ಜೀವ ಕಾಡ ಕಾಯುವುದು’.