ಮುದ್ರಾಂಕ ಶುಲ್ಕವನ್ನೂ ಕಂದಾಯವನ್ನೂ ಕಟ್ಟಿಸಿಕೊಂಡ ಮೇಲೆ ನಿವೇಶನ ಅಕ್ರಮವಾಗುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 2009ರಲ್ಲಿ, ಜಿಲ್ಲಾ ಕೇಂದ್ರವೊಂದರ ಅಂಚಿನಲ್ಲಿರುವ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ 30×40 ಅಡಿಯ ನಿವೇಶನವೊಂದನ್ನು ಕೊಂಡರು. ಖುಷ್ಕಿ ಜಮೀನನ್ನು ಗೆರೆ ಎಳೆದು ಸೈಟುಗಳಾಗಿ ಮಾರಿದ, ಜನ ರೆವಿನ್ಯೂ ಸೈಟು ಎಂದು ಕರೆಯುವ ಬಗೆಯದು. ಕ್ರಯಪತ್ರ ನೋಂದಣಿಯಾಗಿದೆ, ಮುದ್ರಾಂಕ ಶುಲ್ಕ ಪೂರ್ತಿ ಸಂದಾಯವಾಗಿದೆ, ಪಂಚಾಯಿತಿಯವರು ಖಾತೆ ಬರೆದು ಅಂದಿನಿಂದ ಪ್ರತಿ ವರ್ಷವೂ ಕಂದಾಯ ಕಟ್ಟಿಸಿಕೊಂಡಿದ್ದಾರೆ. ಈಗ ತಮ್ಮನ ಓದಿಗಾಗಿ ಮಾರಲು ಹೊರಟರೆ, ಪಂಚಾಯಿತಿ ಆಸ್ತಿಗಳ ದಾಖಲೆ ಇಡುವ ಇ-ಸ್ವತ್ತು ತಂತ್ರಾಂಶದಲ್ಲಿ ನಮ್ಮ ಸ್ವತ್ತು, ಮಂಜೂರಾತಿ ಇಲ್ಲದ ಸ್ವತ್ತುಗಳ ನಮೂನೆ 11-ಬಿಯಲ್ಲಿ ಕುಳಿತಿದೆ, ಕೊಳ್ಳುವವರ ಬ್ಯಾಂಕು ಸಾಲ ಕೊಡುವುದಿಲ್ಲ ಎಂದಿದೆ.

ನನ್ನ ಪ್ರಶ್ನೆ ಎರಡು. ಸರ್ಕಾರ ಒಂದೇ ಸ್ವತ್ತಿನ ಮೇಲೆ ಮೂರು ಬಗೆಯಲ್ಲಿ ಹಣ ತೆಗೆದುಕೊಂಡು, ಕೊನೆಗೆ ಅದು ಕ್ರಮಬದ್ಧವಲ್ಲ ಎಂದರೆ, ಆ ಹಣವನ್ನು ಯಾವುದಕ್ಕಾಗಿ ತೆಗೆದುಕೊಂಡಿತು? ಎರಡನೆಯದು, ಇನ್ನೊಬ್ಬ ಖರೀದಿದಾರರು ಮಾರ್ಗಸೂಚಿ ಬೆಲೆಯನ್ನಷ್ಟೇ, ಅಂದರೆ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯನ್ನಷ್ಟೇ, ಪತ್ರದಲ್ಲಿ ಕಾಣಿಸಿ ಉಳಿದದ್ದನ್ನು ನಗದಾಗಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬುದು ಅವರ ವಾದ. ಒಪ್ಪಬಹುದೇ?

ಉತ್ತರ 1: ನಿವೃತ್ತ ಉಪನೋಂದಣಾಧಿಕಾರಿ

ಮೇಡಂ, ತಮ್ಮ ಮೊದಲ ಪ್ರಶ್ನೆಯನ್ನು ನನ್ನ ಸೇವಾವಧಿಯಲ್ಲಿ ನೂರಾರು ಜನ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದಾರೆ. ಪತ್ರ ನೋಂದಣಿಯಾದ ದಿನ ಕಚೇರಿಗೆ ಸಿಹಿ ಹಂಚಿ, ಬೆರಳಿನ ಶಾಯಿ ಆರುವ ಮೊದಲೇ ಜಾಗ ನಮ್ಮದಾಯಿತು ಎಂದು ಹೊರಟವರನ್ನು ಕಂಡಾಗಲೆಲ್ಲ, ಇವರಿಗೆ ನಿಜ ಹೇಳಬೇಕೋ ಬೇಡವೋ ಎಂದು ನಾನು ತಡವರಿಸಿದ್ದೇನೆ. 1908ರ ನೋಂದಣಿ ಕಾಯ್ದೆಯ ಅಡಿಯಲ್ಲಿ ನಾವು ನೋಡುತ್ತಿದ್ದುದು, ಬರೆದುಕೊಟ್ಟವರು ತಾವೇ ಹೌದೇ, ಒಪ್ಪಿ ಸಹಿ ಹಾಕಿದ್ದಾರೆಯೇ, ಶುಲ್ಕ ಸರಿಯಾಗಿ ಸಂದಿದೆಯೇ, ಆಸ್ತಿಯ ವಿವರ ಗುರುತಿಸುವಂತಿದೆಯೇ ಎಂಬುದನ್ನು. ಮಾರುವವರಿಗೆ ಮಾರುವ ಹಕ್ಕು ಇತ್ತೇ ಎಂದು ತೀರ್ಮಾನಿಸುವುದು ನಮ್ಮ ಕೆಲಸವಾಗಿರಲಿಲ್ಲ. ಹಕ್ಕಿನ ದಾಖಲೆ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಎಂದಿದ್ದ ತಮಿಳುನಾಡಿನ ನಿಯಮವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ರದ್ದುಪಡಿಸಿದ್ದೂ, ಹಕ್ಕನ್ನು ತೀರ್ಮಾನಿಸುವ ಅಧಿಕಾರ ನೋಂದಣಾಧಿಕಾರಿಗೆ ಇಲ್ಲವೆಂಬ ಕಾರಣಕ್ಕೇ.

ಮುದ್ರಾಂಕ ಶುಲ್ಕವೆಂಬುದು ಆಸ್ತಿಯ ಮೇಲಿನ ತೆರಿಗೆಯಲ್ಲ, ಕಾಗದದ ಮೇಲಿನ ತೆರಿಗೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬಂಗಾಳದಲ್ಲಿ 1797ರಷ್ಟು ಹಿಂದೆಯೇ ಮುದ್ರಾಂಕದ ರೆಗ್ಯುಲೇಷನ್ ತಂದಿತ್ತು. ಇಂದಿನ ನೋಂದಣಿ ಕಾಯ್ದೆಗಿಂತ ಅದು ನೂರಕ್ಕೂ ಹೆಚ್ಚು ವರ್ಷ ಹಿರಿಯದು. ಖಜಾನೆಯ ಕಣ್ಣು ಪತ್ರದ ಮೇಲೆ ಮೊದಲು ಬಿದ್ದದ್ದು. ಆ ಪತ್ರದ ಹಿಂದಿನ ಹಕ್ಕಿಗೆ ಸರ್ಕಾರ ಹೊಣೆ ಹೊರುವ ಮಾತು ಇನ್ನೂ ಬಂದಿಲ್ಲ.

ಕಸುಬಿನ ಒಂದು ಮಾತನ್ನು ಮಾತ್ರ ತಪ್ಪದೆ ಕೇಳಿಸಿಕೊಳ್ಳಿ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರವನ್ನು ಸೈಟಿನ ಸಂಖ್ಯೆ ಕೊಟ್ಟು ತೆಗೆಸಿದರೆ, ಸೈಟು ಹುಟ್ಟಿದ ಮೇಲಿನ ವ್ಯವಹಾರಗಳಷ್ಟೇ ಕಾಣುತ್ತವೆ. ಮೂಲ ಜಮೀನಿನ ಸರ್ವೆ ನಂಬರು ಕೊಟ್ಟು, 2009ಕ್ಕಿಂತ ಹಿಂದಿನ ಅವಧಿಗೂ ಬೇರೆಯಾಗಿ ತೆಗೆಸಿ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿರುವ ದಾವೆ ಇವು ಇಸಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಉತ್ತರ 2: ಸಿವಿಲ್ ವಕೀಲ

ಮೇಲಿನ ಹಿರಿಯರು ನೋಂದಣಿಯ ಮಾತನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಖಾತೆಯದೂ ಇದೇ ಕಥೆ. ಖಾತೆ ಎಂದರೆ ಲೆಕ್ಕ, ಈ ಸ್ವತ್ತಿನ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂಬ ಬರಹ. ಕಂದಾಯ ದಾಖಲೆಯಲ್ಲಿನ ಹೆಸರು ಹಕ್ಕನ್ನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಪಹಣಿಗಾದರೂ 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ, ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂಬ ಊಹೆಯ ಆಸರೆಯನ್ನು ಕೊಡುತ್ತದೆ. ಪಂಚಾಯಿತಿ ಖಾತೆಗೆ ಆ ಬಲವಿಲ್ಲ. ಹಾಗೆಂದು ತಾವು ಕಟ್ಟಿದ ಕಂದಾಯ ನೀರಿಗೆ ಹೋಯಿತೆಂದು ತಿಳಿಯಬೇಡಿ, ಸ್ವಾಧೀನವನ್ನು ತೋರಿಸಲು ಆ ರಸೀದಿಗಳು ಒಳ್ಳೆಯ ಸಾಕ್ಷ್ಯ. ಒಂದನ್ನೂ ಬಿಸಾಡದಿರಿ.

ತಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ಅವನ್ನು ಬಿಡಿಸದೆ ಮುಂದೆ ಹೋಗಲಾಗದು. ಮೊದಲನೆಯದು ಹಕ್ಕಿನ ದೋಷ, ಅಂದರೆ ಮಾರಿದವರಿಗೆ ಆ ಜಮೀನು ಪೂರ್ತಿಯಾಗಿ ಸೇರಿತ್ತೇ ಎಂಬುದು. ಎರಡನೆಯದು ಬಳಕೆಯ ದೋಷ: ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಿಲ್ಲದಿರುವುದು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಬಡಾವಣೆಯ ನಕ್ಷೆಗೆ ಮಂಜೂರಾತಿ ಪಡೆಯದಿರುವುದು. 11-ಬಿ ಹೇಳುತ್ತಿರುವುದು ಈ ಎರಡನೆಯದನ್ನು. ಹಕ್ಕು ಗಟ್ಟಿಯಾಗಿದ್ದೂ ಬಡಾವಣೆ ಅಕ್ರಮವಾಗಿರಬಹುದು. ಬಡಾವಣೆ ಸಕ್ರಮವಾಗಿದ್ದೂ ಹಕ್ಕು ಟೊಳ್ಳಾಗಿರಬಹುದು. ಬಳಕೆಯ ದೋಷವನ್ನು ಸರ್ಕಾರ ಶುಲ್ಕ ಪಡೆದು ಇಂದಲ್ಲ ನಾಳೆ ಮನ್ನಿಸಬಹುದು. ಹಕ್ಕಿನ ದೋಷವನ್ನು ಮನ್ನಿಸುವ ಅಧಿಕಾರ ಸರ್ಕಾರಕ್ಕೂ ಇಲ್ಲ, ಅದು ಮೂರನೆಯವರ ಪಾಲು.

ಆದುದರಿಂದ ಮೊದಲು ಹಕ್ಕನ್ನು ನೋಡಿ. ಆ ಸರ್ವೆ ನಂಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇ ಎಂಬುದು ಮೊದಲ ತನಿಖೆ. ಹಾಗಿದ್ದರೆ ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ, ಮತ್ತು 2023ರ ತಿದ್ದುಪಡಿಯ ಬಳಿಕ ತಡವಾಗಿ ಅರ್ಜಿ ಹಾಕಿದ್ದಾರೆಂಬ ರಕ್ಷಣೆ ಕೊಂಡವರಿಗೆ ಬಹುಮಟ್ಟಿಗೆ ತಪ್ಪಿಹೋಗಿದೆ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ ಎಷ್ಟಿದೆ, ಸರ್ವೆ ನಂಬರಿಗೆ ಪೋಡಿ, ಅಂದರೆ ಅಳತೆ ಮಾಡಿ ವಿಭಾಗಿಸುವ ಕೆಲಸ ಆಗಿದೆಯೇ ಎಂದೂ ನೋಡಿ. ಕೊನೆಯದು ಕುಟುಂಬದ ಪಾಲು. ಜಮೀನು ಪಿತ್ರಾರ್ಜಿತವಾಗಿದ್ದರೆ, 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರ ಆಗಿದೆಯೇ (ಅದರ ನಂತರದ ಪಾಲಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿನ ಹಕ್ಕಿದೆ), ಇಲ್ಲದಿದ್ದರೆ ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ ಎಂಬುದನ್ನು ಬಾಯಿಮಾತಿನಿಂದಲ್ಲ, ದೃಢೀಕೃತ ನಕಲು ಹಿಡಿದು ಪರಿಶೀಲಿಸಿ. ಬ್ಯಾಂಕಿನವರು 11-ಬಿ ಎಂದು ಹೇಳಿ ಕೈ ತೊಳೆದುಕೊಂಡಿರಬಹುದು, ಅವರ ಪ್ಯಾನೆಲ್ ವಕೀಲರ ವರದಿಯಲ್ಲಿ ಬೇರೆ ಕಾರಣವೂ ಇರಬಹುದು. ಆ ವರದಿಯ ಪ್ರತಿಯನ್ನು ಖರೀದಿದಾರರ ಮೂಲಕ ಕೇಳಿ ನೋಡಿ.

ಉತ್ತರ 3: ಅರ್ಥಶಾಸ್ತ್ರ ಉಪನ್ಯಾಸಕ

ವಕೀಲರ ಮಾತು ಕಾನೂನಿನ ದೃಷ್ಟಿಯಿಂದ ಸರಿ, ಆದರೆ ಅದು ಪ್ರಶ್ನೆ ಕೇಳಿದವರ ಸಿಟ್ಟಿಗೆ ಉತ್ತರವಾಗುವುದಿಲ್ಲ. ಅಕ್ರಮವೆಂದು ತಾನೇ ಕರೆದ ಸ್ವತ್ತಿಗಾಗಿ ಬೇರೆಯೊಂದು ವಹಿಯನ್ನು ತೆರೆದು, ಅದರಲ್ಲಿ ತಪ್ಪದೆ ತೆರಿಗೆ ಜಮಾ ಮಾಡಿಕೊಂಡ ಆಡಳಿತಕ್ಕೆ ಆ ಅಕ್ರಮದಲ್ಲಿ ಪಾಲಿಲ್ಲವೇ? ಬೆಂಗಳೂರಿನ ಬಿ ಖಾತೆ, ಹಳ್ಳಿಗಳ 11-ಬಿ ಇವೆಲ್ಲ ಅದೇ ಬಗೆಯವು. ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದ ಮೇಲೂ ವಸೂಲಿ ನಿಲ್ಲಲಿಲ್ಲ. ಬಿ ಖಾತೆಯನ್ನು ಎ ಖಾತೆಗೆ ಬದಲಿಸಲು ಬೆಂಗಳೂರಿನಲ್ಲಿ 2025ರ ಕೊನೆಯಲ್ಲಿ ಮಾರ್ಗಸೂಚಿ ಮೌಲ್ಯದ ಶೇ 5ರಷ್ಟು ಶುಲ್ಕವನ್ನು ಪ್ರಕಟಿಸಿದಾಗ, ಹೊರೆ ಬಿದ್ದದ್ದು ಕೊನೆಯಲ್ಲಿ ಸೈಟು ಹಿಡಿದುಕೊಂಡಿದ್ದವರ ಮೇಲೆ. ರಸ್ತೆಗೂ ಉದ್ಯಾನಕ್ಕೂ ಬಿಡಬೇಕಾದ ಜಾಗವನ್ನೂ ಸೈಟು ಮಾಡಿ ಮಾರಿ ಲಾಭ ಮಾಡಿಕೊಂಡವನು ಅಷ್ಟರಲ್ಲಿ ಊರು ಬಿಟ್ಟಾಗಿತ್ತು.

ಇದರ ಬೇರು ಆದಾಯದ ರಚನೆಯಲ್ಲಿದೆ. ನಮ್ಮ ದೇಶದಲ್ಲಿ ಪ್ರತಿ ವರ್ಷದ ಆಸ್ತಿ ತೆರಿಗೆ ಒಟ್ಟು ದೇಶೀಯ ಉತ್ಪನ್ನದ ಶೇ 1ನ್ನು ಮುಟ್ಟುವುದಿರಲಿ, ಅದರ ಹತ್ತಿರಕ್ಕೂ ಬರುವುದಿಲ್ಲ. ಮನೆ ಮನೆಗೆ ಹೋಗಿ ಅಳೆದು ವಸೂಲು ಮಾಡುವುದು ಕಷ್ಟದ ಕೆಲಸ, ಜನಪ್ರಿಯವೂ ಅಲ್ಲ. ಕೈ ಬದಲಾಗುವ ಹೊತ್ತಿನಲ್ಲಿ ಕೌಂಟರಿನ ಮುಂದೆ ನಿಂತವರಿಂದ ಒಮ್ಮೆಗೇ ತೆಗೆದುಕೊಳ್ಳುವುದು ಸುಲಭ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮಾರ್ಗಸೂಚಿ ದರ ಸರಾಸರಿ ಶೇ 30ರಷ್ಟು ಏರಿತು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಹೋಯಿತು. ಶೇ 5ರ ಮುದ್ರಾಂಕಕ್ಕೆ ಸೆಸ್ಸು, ಸರ್‌ಚಾರ್ಜು ಸೇರಿಸಿದರೆ 50 ಲಕ್ಷದ ನಿವೇಶನಕ್ಕೆ ಸುಮಾರು 3.8 ಲಕ್ಷ ರೂಪಾಯಿ. ಇಷ್ಟು ತೆತ್ತವನಿಗೆ ಹಕ್ಕಿನ ಖಾತರಿ ಇಲ್ಲವೆಂದರೆ, ಅವನು ಬೆಲೆಯನ್ನು ಇಳಿಸಿ ಬರೆಸುತ್ತಾನೆ, ಇಲ್ಲವೇ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ವ್ಯವಹಾರ ಮುಗಿಸುತ್ತಾನೆ. ಜಿಪಿಎಯಿಂದ ಮಾಲೀಕತ್ವ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದ್ದರೂ ಆ ದಾರಿ ಪೂರ್ತಿ ಮುಚ್ಚಿಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಒಪ್ಪಬೇಡಿ. ಸ್ಥಿರಾಸ್ತಿಯ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಆದಾಯ ತೆರಿಗೆ ಕಾನೂನಿನಲ್ಲಿ ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ, ಮತ್ತು ಆ ದಂಡ ಪಡೆದವರ ಮೇಲೆ, ಅಂದರೆ ತಮ್ಮ ಮೇಲೆ ಬೀಳುತ್ತದೆ. ಇನ್ನೊಂದು ನಷ್ಟವನ್ನು ಯಾರೂ ಎಣಿಸುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರದ ಲೆಕ್ಕಕ್ಕೆ ಹಿಡಿಯುವುದು ಸುತ್ತಮುತ್ತ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳ ಬೆಲೆಯನ್ನು, ಇಲ್ಲವೇ ಮುದ್ರಾಂಕ ಕಾಯ್ದೆಯ ದರವನ್ನು. ಊರಿಗೆ ಊರೇ ಬೆಲೆ ಇಳಿಸಿ ಬರೆಸಿಕೊಂಡು, ಮುಂದೆ ಹೆದ್ದಾರಿಗೋ ಕೈಗಾರಿಕಾ ಪ್ರದೇಶಕ್ಕೋ ಜಮೀನು ಹೋದಾಗ, ಪತ್ರದಲ್ಲಿನ ಸುಳ್ಳೇ ರೈತನ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ.

ಉತ್ತರ 4: ಮಂಗಳೂರಿನ ಓದುಗ

ಸರ್ಕಾರವೇ ಹಕ್ಕಿಗೆ ಖಾತರಿ ಕೊಡುವ ಪದ್ಧತಿಯನ್ನು ದಕ್ಷಿಣ ಆಸ್ಟ್ರೇಲಿಯಾ 1858ರಲ್ಲೇ ತಂದಿತು. ನಮ್ಮಲ್ಲೇಕೆ ಆಗದು ಎಂದು ಕೇಳುವವರು ನಮ್ಮೂರಿನ ಪಿಆರ್ ಕಾರ್ಡಿನ, ಅಂದರೆ ಆಸ್ತಿ ದಾಖಲೆ ಕಾರ್ಡಿನ ಅನುಭವವನ್ನು ನೋಡಬೇಕು. ನಗರ ಆಸ್ತಿ ಮಾಲೀಕತ್ವ ದಾಖಲೆ ಯೋಜನೆಗೆ ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡಗಳ ಜೊತೆ ಮಂಗಳೂರನ್ನೂ ಆರಿಸಿ, ಮನೆ ಮನೆ ಅಳೆದು, ಕರಡು ಕಾರ್ಡು ಕೊಟ್ಟು ಆಕ್ಷೇಪಣೆ ಕರೆಯುವ ಕ್ರಮವನ್ನಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಕಾರ್ಡು ಎಲ್ಲರ ಕೈ ಸೇರುವ ಮೊದಲೇ ನೋಂದಣಿಗೆ ಅದು ಕಡ್ಡಾಯ ಎಂದಾಗ ಮಾರುವವರೂ ಕೊಳ್ಳುವವರೂ ಸಿಕ್ಕಿಬಿದ್ದು, ಕಡ್ಡಾಯವನ್ನು ಮುಂದೂಡಬೇಕಾಯಿತು. ನೆರೆಯ ಆಂಧ್ರಪ್ರದೇಶದಲ್ಲಿ ಖಾತರಿ ಹಕ್ಕಿನ ಕಾಯ್ದೆ 2023ರಲ್ಲಿ ಜಾರಿಗೆ ಬಂತು. ಭೂಮಿಯ ತಕರಾರು ಸಿವಿಲ್ ನ್ಯಾಯಾಲಯದಿಂದ ಅಧಿಕಾರಿಯ ಕೈಗೆ ಹೋಗುತ್ತದೆಂಬ ಭಯ ಚುನಾವಣೆಯ ವಿಷಯವೇ ಆಗಿ, 2024ರಲ್ಲಿ ಹೊಸ ಸರ್ಕಾರ ಅದನ್ನು ರದ್ದುಮಾಡಿತು. ಉಪನ್ಯಾಸಕರ ಸಿಟ್ಟು ನನಗೂ ಇದೆ. ಆದರೆ ಖಾತರಿ ಕೊಟ್ಟ ಸರ್ಕಾರ, ತಪ್ಪಿದಾಗ ಪರಿಹಾರವನ್ನೂ ಕೊಡಬೇಕಾಗುತ್ತದೆ. ಮೂರು ತಲೆಮಾರಿನ ಪಹಣಿಯಲ್ಲಿ ಸತ್ತವರ ಹೆಸರೇ ಉಳಿದಿರುವ ಕಡೆ ಯಾವ ಹಣಕಾಸು ಇಲಾಖೆ ಆ ಭಾರಕ್ಕೆ ಸಹಿ ಹಾಕೀತು?

ಪ್ರಶ್ನೆ ಕೇಳಿದವರ ಮರು ಬರಹ

ಎಲ್ಲರಿಗೂ ಕೃತಜ್ಞತೆಗಳು. ನಗದಿನ ಖರೀದಿದಾರರಿಗೆ ಆಗುವುದಿಲ್ಲ ಎಂದು ತಿಳಿಸಿದ್ದೇನೆ. ನಿವೃತ್ತ ಅಧಿಕಾರಿಗಳು ಹೇಳಿದಂತೆ ಸರ್ವೆ ನಂಬರು ಕೊಟ್ಟು ಇಸಿ ತೆಗೆಸಿದೆ. ನಮ್ಮ ಸೈಟಿನ ಇಸಿಯಲ್ಲಿ ತಂದೆಯವರ ಕ್ರಯಪತ್ರವೊಂದೇ ಇತ್ತು, ಇದರಲ್ಲಿ 2006ರ ಪಾಲುಪತ್ರವೊಂದು ಸಿಕ್ಕಿತು. ಜಮೀನು ಮಾರಿದವರು ಮತ್ತು ಅವರ ಅಣ್ಣ, ಇಬ್ಬರದೇ ಹೆಸರು. ಅವರಿಗೆ ಇಬ್ಬರು ಅಕ್ಕಂದಿರು ಇದ್ದಾರೆಂದು ಅಮ್ಮನಿಗೆ ನೆನಪಿದೆ. ಒಬ್ಬರು ಅದೇ ಊರಿನಲ್ಲಿದ್ದಾರೆ. 11-ಬಿ ಒಂದೇ ನಮ್ಮ ತೊಡಕು ಎಂದುಕೊಂಡಿದ್ದೆ. ಪಾಲುಪತ್ರದ ದೃಢೀಕೃತ ನಕಲಿಗೆ ಸೋಮವಾರ ಅರ್ಜಿ ಕೊಟ್ಟಿದ್ದೇನೆ, ಅದು ಕೈಗೆ ಬಂದ ಮೇಲೆ ಅಮ್ಮನೂ ನಾನೂ ಆ ಅಕ್ಕನವರ ಮನೆಗೆ ಹೋಗಿ ಬರುತ್ತೇವೆ.