ಗಂಗೆಯ ಒಪ್ಪಂದ ಮುಗಿಯುತ್ತಿದೆ: ಬಾಂಗ್ಲಾಕ್ಕೆ ಮತ್ತೆ ನೀರು ಬಿಡಬೇಕಾ?

ಕೊಪ್ಪಳದ ಮೇಷ್ಟ್ರು: ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್ 12ರಂದು, ಶೇಖ್ ಹಸೀನಾ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಅವಧಿ 30 ವರ್ಷ. 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಮುಂದುವರಿಸಬೇಕಾ? ನಮ್ಮ ಭಾಗದವರು ಏನಂತೀರಿ?

ಬಳ್ಳಾರಿ ಕೋಟೆ: ಬೇಡ. 2024ರ ಆಗಸ್ಟ್‌ನಲ್ಲಿ ಹಸೀನಾ ಇಲ್ಲಿಗೆ ಬಂದ ಮೇಲೆ ಢಾಕಾದಲ್ಲಿ ನಮ್ಮ ವಿರುದ್ಧ ಎಂಥ ಮಾತು ಬಂತು, ನೋಡಿದ್ದೇವೆ. ಪಹಲ್ಗಾಮ್ ಆದ ಮೇಲೆ ಸಿಂಧೂ ಒಪ್ಪಂದ ತಡೆಹಿಡಿದೆವು. ಇಲ್ಲೂ ಹಾಗೇ ಮಾಡಲಿ.

ಮಾನ್ವಿ ಕೊನೆಭಾಗ: ಅಣ್ಣಾ, ನಮ್ಮದು ತುಂಗಭದ್ರಾ ಎಡದಂಡೆಯ ಕೊನೆ. ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತುತ್ತಾರೆ. 69ನೇ ಮೈಲಿನಲ್ಲಿ ಕಾಲುವೆಯ ಗೇಜ್ (ನೀರಿನ ಮಟ್ಟ) ಇಳಿದರೆ, ಭತ್ತ ಕಾಳು ಕಟ್ಟುವ ಹೊತ್ತಿಗೆ ನಮ್ಮ ಗದ್ದೆ ಬಿರುಕು ಬಿಟ್ಟಿರುತ್ತದೆ. ಗಂಗೆಗೆ ಅಡ್ಡ ಕಟ್ಟಿದ ಫರಕ್ಕಾ ಬ್ಯಾರೇಜ್ ಕೆಳಗಿನ ಬಾಂಗ್ಲಾ ರೈತನೂ ಕೊನೆಭಾಗದವನೇ ಅಲ್ವಾ? ಢಾಕಾದಲ್ಲಿ ಯಾರೋ ಮಾತಾಡಿದ್ದಕ್ಕೆ ಅವನ ಗದ್ದೆ ಒಣಗಿಸಬೇಕಾ?

ಬಳ್ಳಾರಿ ಕೋಟೆ: ನಿಮ್ಮದು ಮನೆಯೊಳಗಿನ ಜಗಳ, ಇದು ದೇಶದ ವಿಷಯ. ಕೋಲ್ಕತ್ತಾ ಬಂದರಿನ ಹೂಳು ತಳ್ಳುವುದಕ್ಕೇ ಫರಕ್ಕಾ ಕಟ್ಟಿದ್ದು. ಆ ಬಂದರಿರುವ ಹೂಗ್ಲಿ ನದಿಗೆ ನೀರು ಸಾಲದಿದ್ದರೆ?

ಕೊಪ್ಪಳದ ಮೇಷ್ಟ್ರು: ಹೂಳಿನ ಮಾತು ಸರಿ. ಅದಕ್ಕೇ ಜನವರಿಯಿಂದ ಮೇವರೆಗೆ ಹತ್ತು ದಿನಕ್ಕೊಮ್ಮೆ ಲೆಕ್ಕ ಹಾಕುತ್ತಾರೆ. ಹರಿವು 70,000 ಕ್ಯೂಸೆಕ್ ಒಳಗಿದ್ದರೆ ಅರ್ಧ ಅರ್ಧ. 75,000 ದಾಟಿದರೆ ನಮಗೆ 40,000, ಉಳಿದದ್ದು ಅವರಿಗೆ. ಫರಕ್ಕಾದಲ್ಲೂ ಅವರ ಹಾರ್ಡಿಂಜ್ ಸೇತುವೆ ಹತ್ತಿರವೂ ಎರಡೂ ದೇಶದವರು ಸೇರಿ ಅಳೆಯುತ್ತಾರೆ. ಒಪ್ಪಂದ ಹೋದರೆ ಈ ಅಳತೆಯೂ ಹೋಗುತ್ತದೆ. ಆಮೇಲೆ ಉಳಿಯುವುದು ಬರೀ ಆರೋಪ.

ಸಿಂಧನೂರು ಕ್ಯಾಂಪ್: ನಮ್ಮ ಅಜ್ಜ ಪೂರ್ವ ಪಾಕಿಸ್ತಾನ ಬಿಟ್ಟು ಬಂದವರು. ನಾನು ಹುಟ್ಟಿದ್ದು ಇಲ್ಲಿನ ಆರ್‌.ಎಚ್. ಕ್ಯಾಂಪ್‌ನಲ್ಲಿ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ನಲ್ಲಿ. ಅಲ್ಲಿ ಹಿಂದೂಗಳ ಮೇಲೆ ದಾಳಿ ಆಯಿತೆಂದರೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಅದನ್ನು ದೆಹಲಿ ಗಟ್ಟಿಯಾಗಿ ಕೇಳಲೇಬೇಕು. ಆದರೆ ನೀರು ನಿಂತರೆ ಪೆಟ್ಟು ಬೀಳುವುದು ಬಾಂಗ್ಲಾದ ಖುಲ್ನಾ ಕಡೆಗೆ. ನದಿ ಸೊರಗಿದಷ್ಟೂ ಸಮುದ್ರದ ಉಪ್ಪುನೀರು ಒಳಗೆ ಬರುತ್ತದೆ. ಅಲ್ಲಿ ಹಿಂದೂ ರೈತರೂ ಬಹಳ ಇದ್ದಾರೆ. 1947ರಲ್ಲಿ ರಾಡ್‌ಕ್ಲಿಫ್ ದೇಶ ವಿಭಜನೆಯ ಗಡಿ ಗೆರೆ ಎಳೆದಾಗ ಮುಸ್ಲಿಮರು ಜಾಸ್ತಿ ಇದ್ದ ಮುರ್ಷಿದಾಬಾದ್ ಭಾರತಕ್ಕೆ ಬಂತು, ಖುಲ್ನಾ ಆ ಕಡೆ ಹೋಯಿತು. ಫರಕ್ಕಾ ಇರುವುದು ಅದೇ ಮುರ್ಷಿದಾಬಾದ್ ಜಿಲ್ಲೆಯಲ್ಲಿ.

ಗಂಗಾವತಿ ಹುಡುಗ: 2011ರಲ್ಲಿ ಬಾಂಗ್ಲಾ ಜೊತೆಗಿನ ತೀಸ್ತಾ ನದಿ ಒಪ್ಪಂದ ಪಶ್ಚಿಮ ಬಂಗಾಳ ಒಪ್ಪದೆ ನಿಂತುಹೋಯಿತು. ಈ ಸಲ ಬಂಗಾಳ, ಬಿಹಾರದವರನ್ನು ಮೊದಲೇ ಕೂರಿಸಿ ಮಾತಾಡಲಿ.

ಬಳ್ಳಾರಿ ಕೋಟೆ: ಸರಿ, ಪೂರ್ತಿ ನಿಲ್ಲಿಸುವುದು ಬೇಡ. ಆದರೆ 30 ವರ್ಷ ಕೊಡಬೇಡಿ. ಹತ್ತು ವರ್ಷ ಸಾಕು. ಅವರು ಹೇಗೆ ನಡೆದುಕೊಳ್ಳುತ್ತಾರೆ ನೋಡೋಣ.

ಮಾನ್ವಿ ಕೊನೆಭಾಗ: ಹತ್ತೇ ಆಗಲಿ ಅಣ್ಣಾ. 1977ರ ಒಪ್ಪಂದದಲ್ಲಿ ಎಷ್ಟೇ ಕಡಿಮೆ ಹರಿದರೂ ಅವರ ಪಾಲಿನ ಶೇ 80ರಷ್ಟು ಸಿಗುವ ಖಾತ್ರಿ ಇತ್ತು. 1982ರಲ್ಲಿ ಅದನ್ನು ತೆಗೆದರು, 1996ರಲ್ಲೂ ಸೇರಿಸಲಿಲ್ಲ. ಹೊಸದರಲ್ಲಿ ಅಂಥದ್ದೊಂದು ಖಾತ್ರಿ ಇರಲಿ. ಅದಿಲ್ಲದಿದ್ದರೆ ಹತ್ತು ವರ್ಷವೂ ಸುಮ್ನೆ.