ಮಳೆ ನಮ್ಮನ್ನು ‘ಡಿಸಪಾಯಿಂಟ್’ ಮಾಡಬಹುದಾ?

ವಿರಾಜಪೇಟೆ_ತೋಟ: ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ, ಫಸಲು ಕಮ್ಮಿ ಅಂತ ಕಾಫಿ ವ್ಯಾಪಾರಿಗೆ ಇಂಗ್ಲಿಷ್‌ನಲ್ಲಿ ಪತ್ರ ಬರೆದೆ. ‘ದ ರೇನ್ ಡಿಸಪಾಯಿಂಟೆಡ್ ಅಸ್’ ಎಂದಿದ್ದೆ. ಮಗಳು ‘ಫೇಲ್ಡ್ ಅಸ್’ ಆಗಬೇಕು ಅಂತಾಳೆ. ಯಾವುದು ಸರಿ?

ಮಡಿಕೇರಿ_ಮೇಷ್ಟ್ರು: ಮಗಳು ಹೇಳಿದ್ದೇ ಸರಿ. ಡಿಸಪಾಯಿಂಟ್ ಅನ್ನೋದು ಅಪಾಯಿಂಟ್‌ಗೆ ಉಲ್ಟಾ. 15ನೇ ಶತಮಾನದಲ್ಲಿ ಫ್ರೆಂಚ್‌ನಿಂದ ಬಂದಾಗ ಹುದ್ದೆಯಿಂದ ತೆಗೆಯುವುದು ಎಂದೇ ಅರ್ಥ. ಮಳೆ ಯಾರನ್ನು ಹುದ್ದೆಯಿಂದ ತೆಗೆಯುತ್ತೆ?

ಗೋಣಿಕೊಪ್ಪ_ಓದುಗ: 15ನೇ ಶತಮಾನದ ಅರ್ಥ ಹಿಡ್ಕೊಂಡು ಈಗ ಯಾರು ಪತ್ರ ಬರೀತಾರೆ ಮೇಷ್ಟ್ರೇ? ಆಕ್ಸ್‌ಫರ್ಡ್ ನಿಘಂಟು ತೆಗೆದು ನೋಡಿ. ನಿರೀಕ್ಷೆ ಹುಸಿ ಮಾಡುವುದು ಅಂತ ಇದೆ. ನಾವೂ ‘ಮಳೆ ಕೈಕೊಟ್ಟಿತು’ ಅನ್ನಲ್ವಾ?

ಮಡಿಕೇರಿ_ಮೇಷ್ಟ್ರು: ಕೈಕೊಟ್ಟರೆ ನಷ್ಟ ಆಗುತ್ತೆ. ಡಿಸಪಾಯಿಂಟ್‌ನಲ್ಲಿ ಇರುವುದು ಬರೀ ಬೇಸರ.

ಸೋಮವಾರಪೇಟೆ_ಅರೇಬಿಕಾ: ನಷ್ಟ ಅಂದ್ರಲ್ಲ, ನಿಮ್ಮಂಥ ರೊಬಸ್ಟಾ ಕಾಫಿ ಬೆಳೆಯೋರಿಗೆ ಏನು ನಷ್ಟ? ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸ್ತಾರೆ. ಆಕಾಶ ನೋಡ್ಕೊಂಡು ಕೂರೋರು ಅರೇಬಿಕಾ ಕಾಫಿಯ ನಾವು.

ವಿರಾಜಪೇಟೆ_ತೋಟ: ಸ್ಪ್ರಿಂಕ್ಲರ್‌ಗೆ ನೀರು ಎಲ್ಲಿಂದ ತರ್ಲಿ? ನಮ್ಮ ಕೆರೆಯಲ್ಲಿ ಜನವರಿಗೇ ಬರೀ ಕೆಸರು. ಬಂದು ನೋಡಿ, ಮೊಗ್ಗಿನ ತುದಿ ಕಪ್ಪಾಗಿದೆ, ಬೆರಳು ತಾಗಿದರೆ ಉದುರುತ್ತೆ.

ಸೋಮವಾರಪೇಟೆ_ಅರೇಬಿಕಾ: ಒಂದು ಸಲ ನೀರು ಕೊಟ್ಟರೆ ಸಾಕಾಗಿತ್ತಲ್ವಾ?

ವಿರಾಜಪೇಟೆ_ತೋಟ: ಸಾಕಾಗಲ್ಲ ರೀ! ನೀರು ಬಿದ್ದು ಒಂದು ವಾರ, ಹತ್ತು ದಿನಕ್ಕೆ ಹೂ ಅರಳುತ್ತೆ. ಆಮೇಲೆ ಬ್ಯಾಕಿಂಗ್ ಶವರ್, ಅಂದ್ರೆ ಎರಡನೇ ಮಳೆ, ಬೀಳದಿದ್ರೆ ಕಾಯಿ ಕಚ್ಚಲ್ಲ. ಕಾಫಿ ಬೆಳೆಯೋರು ಇದನ್ನ ಕೇಳ್ತೀರಾ?

ಸೋಮವಾರಪೇಟೆ_ಅರೇಬಿಕಾ: ನನಗೆ ಕಾಫಿ ಪಾಠ ಹೇಳಬೇಡಿ. ಕೆರೆ ಹೂಳು ತೆಗೆಸೋದು ನಿಮ್ಮ ಕೆಲಸ, ಮಳೆದಲ್ಲ.

ಕುಶಾಲನಗರ_ಟ್ಯೂಷನ್: ಕೆರೆ ಬಿಡಿ, ಪತ್ರಕ್ಕೆ ಬನ್ನಿ. ನಿಜವಾದ ತಪ್ಪು ಬೇರೆ ಇದೆ. ಜನ ‘ಐ ಆಮ್ ಡಿಸಪಾಯಿಂಟಿಂಗ್’ ಅಂತ ಬರೀತಾರೆ. ನಾನೇ ನಿರಾಸೆ ಹುಟ್ಟಿಸುವವನು ಎಂದಾಗುತ್ತೆ! ‘ಡಿಸಪಾಯಿಂಟೆಡ್’ ಅನ್ನಬೇಕು. ಸ್ಪೆಲ್ಲಿಂಗ್‌ನಲ್ಲಿ ಎಸ್ ಒಂದು, ಪಿ ಎರಡು.

ವಿರಾಜಪೇಟೆ_ತೋಟ: ನಾನು ‘ಡಿಸಪಾಯಿಂಟೆಡ್’ ಅಂತಲೇ ಬರೆದಿದ್ದು. ಮೇಲೆ ಓದಿ.

ಗೋಣಿಕೊಪ್ಪ_ಓದುಗ: ನಿಮ್ಮ ವಾಕ್ಯ ಸರಿಯಾಗೇ ಇದೆ. ಮಳೆ ಪೂರ್ತಿ ತಪ್ಪಿದ್ರೆ ‘ಫೇಲ್ಡ್’ ಇನ್ನೂ ಗಟ್ಟಿ ಮಾತು. ನೆಚ್ಚಿಕೊಂಡಾಗಲೇ ಒದಗಲಿಲ್ಲ ಅಂತ ಬರುತ್ತೆ.

ಮಡಿಕೇರಿ_ಮೇಷ್ಟ್ರು: ‘ಫೇಲ್ಡ್’ ಗಟ್ಟಿ ಅಂತ ನೀವೇ ಒಪ್ಪಿದ್ರಿ. ನಾನು ಮೊದಲೇ ಅಂದಿದ್ದು ಅದನ್ನೇ.

ಗೋಣಿಕೊಪ್ಪ_ಓದುಗ: ಗಟ್ಟಿ ಅಂದೆ. ಇನ್ನೊಂದು ತಪ್ಪು ಅಂದಿಲ್ಲ. ಹುದ್ದೆ ಕಥೆಗೆ ಇನ್ನೂ ಉತ್ತರ ಕೊಟ್ಟಿಲ್ಲ ನೀವು.

ಸೋಮವಾರಪೇಟೆ_ಅರೇಬಿಕಾ: ಹೂಳಿನ ವಿಷಯಕ್ಕೂ ಯಾರೂ ಉತ್ತರ ಕೊಟ್ಟಿಲ್ಲ.